ಕಾಫಿ ಕಣದಲ್ಲಿ ಮಲಗಿ ನೋಡಿದ್ದ ಆಕಾಶಗಂಗೆ ಈಗ ಯಾಕೆ ಕಾಣುತ್ತಿಲ್ಲ?

ಕಣದಮನೆ (ಮೂಡಿಗೆರೆ ಕಡೆ)
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 11 ವರ್ಷ ಕೆಲಸ ಮಾಡಿ ಈ ವರ್ಷ ಊರಿಗೆ ವಾಪಸ್ ಬಂದಿದ್ದೇನೆ. ಈಗ ಜನವರಿ, ರೊಬಸ್ಟಾ ಕುಯ್ಲು ಶುರುವಾಗಿದೆ. ಕಣದಲ್ಲಿ ಹಣ್ಣು ಹರವಿದೆ, ರಾತ್ರಿ ಕಾವಲಿಗೆ ನಾನೇ ಮಲಗುತ್ತೇನೆ.

ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಇದೇ ಕಣದಲ್ಲಿ ಮಲಗುತ್ತಿದ್ದೆ. ಅಜ್ಜಿ ಆಕಾಶಗಂಗೆ ತೋರಿಸುತ್ತಿದ್ದರು. ಹಾಲು ಚೆಲ್ಲಿದ ಹಾಗೆ ಉದ್ದಕ್ಕೆ ಬೆಳ್ಳಗೆ ಇತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಈಗ ಮೂರು ರಾತ್ರಿಯಿಂದ ಎಂಟು, ಒಂಬತ್ತು ಗಂಟೆಗೆ ಹುಡುಕುತ್ತಿದ್ದೇನೆ. ನಕ್ಷತ್ರಗಳು ಧಾರಾಳವಾಗಿವೆ. ಆ ಹೊಳೆ ಮಾತ್ರ ಇಲ್ಲ. ಎಲ್ಲ ಕಡೆ ಲೈಟ್ ಜಾಸ್ತಿಯಾಗಿ ಅದು ಪೂರ್ತಿ ಹೋಗೇಬಿಟ್ಟಿತಾ? ಬೇಜಾರಾಗಿ ಕೇಳುತ್ತಿದ್ದೇನೆ.

ಹೇಮಾವತಿ_ದಡ (ಗೊರೂರು)
ನಮ್ಮಲ್ಲೂ ಅದೇ ಕಥೆ. ಹಾಸನದ ಕಡೆ ಆಕಾಶ ರಾತ್ರಿಯಿಡೀ ಕಿತ್ತಳೆ ಬಣ್ಣ. ಮುಳ್ಳಯ್ಯನಗಿರಿಗೆ ಹೋದರೆ ಕಾಣುತ್ತೆ ಅಂತಾರೆ.

ಬಯಲುಸೀಮೆ ತೆಂಗು (ಅರಸೀಕೆರೆ)
ಗಿರಿಗೆ ಯಾಕೆ ಹೋಗಬೇಕು? ಎತ್ತರಕ್ಕಿಂತ ಕತ್ತಲೆ ಮುಖ್ಯ. ನಾನು ನಮ್ಮ ತೆಂಗಿನ ತೋಟದ ಕಟ್ಟೆ ಮೇಲೆ ಕೂತೇ ನೋಡಿದ್ದೇನೆ. ಅಲ್ಲದೆ ಗಿರಿಗೆ ರಾತ್ರಿ ಹೊತ್ತು ಹಾಗೆಲ್ಲ ಹೋಗುವ ಹಾಗಿಲ್ಲ. ಚೆಕ್‌ಪೋಸ್ಟ್‌ನಲ್ಲಿ ಕೇಳಿಕೊಂಡೇ ಹೊರಡಿ.

ವಿಜ್ಞಾನದ ಮೇಷ್ಟ್ರು (ಕೊಪ್ಪ, ನಿವೃತ್ತ)
ಕಣದಮನೆಯವರೇ, ಬೇಜಾರು ಬೇಡ. ನಿಮ್ಮ ಆಕಾಶಗಂಗೆ ಎಲ್ಲೂ ಹೋಗಿಲ್ಲ. ಮೊದಲು ನನಗೆ ಇದು ತಿಳಿಸಿ. ಅಜ್ಜಿ ತೋರಿಸುತ್ತಿದ್ದದ್ದು ಯಾವ ಹೊತ್ತಿನಲ್ಲಿ? ಯಾವ ದಿಕ್ಕಿನಲ್ಲಿ? ಅದರ ಬಗ್ಗೆ ಬೇರೆ ಏನಾದರೂ ಹೇಳುತ್ತಿದ್ದರಾ?

ಕಣದಮನೆ
ಹೊತ್ತು ನೆನಪಿಲ್ಲ ಮೇಷ್ಟ್ರೇ, ನಿದ್ದೆಗಣ್ಣು. ದಿಕ್ಕು ಗೊತ್ತು. ದನದ ಕೊಟ್ಟಿಗೆಯ ಮೇಲೆ ಇತ್ತು, ಅಂದರೆ ಆಗ್ನೇಯ. ಇನ್ನೊಂದು ಮಾತು ಹೇಳುತ್ತಿದ್ದರು. "ಹೊಳೆ ನಡುವೆ ದಿಬ್ಬ ನೋಡು, ನೀರು ಎರಡಾಗಿ ಹರೀತದೆ" ಅಂತ.

ವಿಜ್ಞಾನದ ಮೇಷ್ಟ್ರು
ಆ ದಿಬ್ಬದ ಮಾತು ಹೇಳಿದ್ದು ಒಳ್ಳೆಯದಾಯಿತು. ಇನ್ನು ಸಂಶಯವೇ ಇಲ್ಲ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ನಿಧಾನಕ್ಕೆ ಓದಿ.

ಆಕಾಶಗಂಗೆ ಅಂದರೆ ನಾವೇ ಇರುವ ಗೆಲಾಕ್ಸಿ. ತಟ್ಟೆಯ ಹಾಗೆ ಚಪ್ಪಟೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಓಡುವ ದೂರ, ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್. ಒಳಗಿರುವ ನಕ್ಷತ್ರಗಳು 10,000 ಕೋಟಿಯಿಂದ 40,000 ಕೋಟಿ ಅಂತ ಅಂದಾಜು. ನಮ್ಮ ಸೂರ್ಯ ಅದರ ನಡುವಿನಲ್ಲಿಲ್ಲ. ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ, ಹೆಚ್ಚುಕಡಿಮೆ ಅರ್ಧ ದಾರಿ.

ಈಗ ಒಂದು ಅಡಿಕೆ ತೋಟದ ಒಳಗೆ ನಿಂತಿದ್ದೀರಿ ಅಂದುಕೊಳ್ಳಿ. ಸುತ್ತ ನೋಡಿದರೆ ಮರದ ಹಿಂದೆ ಮರ, ಅದರ ಹಿಂದೆ ಮರ, ಕೊನೆಗೆ ಬಿಡಿ ಮರ ಕಾಣದೆ ಗೋಡೆಯ ಹಾಗೆ ಆಗುತ್ತದೆ. ತಲೆ ಎತ್ತಿ ನೋಡಿದರೆ ನಾಲ್ಕು ಸೋಗೆ, ಆಮೇಲೆ ಬಯಲು ಆಕಾಶ. ಗೆಲಾಕ್ಸಿಯಲ್ಲೂ ಹಾಗೇ. ತಟ್ಟೆಯ ಉದ್ದಕ್ಕೆ ನೋಡಿದಾಗ ದೂರದ ನಕ್ಷತ್ರಗಳ ಬೆಳಕು ಒಂದರಲ್ಲೊಂದು ಕಲೆತು ಬಿಳಿ ಪಟ್ಟೆಯಾಗುತ್ತದೆ. ಅದೇ ಅಜ್ಜಿಯ ಹಾಲು. 1610ರಲ್ಲಿ ಗೆಲಿಲಿಯೋ ದೂರದರ್ಶಕ ಹಿಡಿದು ನೋಡಿದಾಗ ಆ ಹಾಲು ಒಡೆದು ಬಿಡಿ ಬಿಡಿ ನಕ್ಷತ್ರಗಳಾಗಿ ಕಂಡಿತು.

ನೀವು ತೋಟದ ಅಂಚಿನ ಕಡೆ ನಿಂತಿದ್ದರೆ? ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೇಲಿ ತನಕ ನಾಲ್ಕೇ ಸಾಲು. ಜನವರಿಯ ಸಂಜೆ ನೀವು ನೋಡುತ್ತಿರುವುದು ಈ ಬೇಲಿಯ ಕಡೆ. ಆಗಲೂ ಪಟ್ಟೆ ಇದೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಎಡಕ್ಕೆ, ಆರ್ದ್ರಾ ನಕ್ಷತ್ರಕ್ಕೂ ಮಿಥುನದ ಜೋಡಿಗೂ ನಡುವೆ ಹಾದು ಉತ್ತರದ ಬ್ರಹ್ಮಹೃದಯ ನಕ್ಷತ್ರದ ಕಡೆಗೆ ಹೋಗುತ್ತದೆ. ಆದರೆ ತೀರಾ ತೆಳು. ಸ್ವಲ್ಪ ಬೆಳಕಿದ್ದರೂ ಕಾಣುವುದಿಲ್ಲ.

ಅಜ್ಜಿ ತೋರಿಸಿದ್ದು ದಟ್ಟ ತೋಟದ ಕಡೆ, ಅಂದರೆ ಗೆಲಾಕ್ಸಿಯ ನಡುಭಾಗ. ಅದು ಧನು ರಾಶಿಯ ದಿಕ್ಕಿನಲ್ಲಿ, ಚೇಳಿನ (ವೃಶ್ಚಿಕ ರಾಶಿಯ) ಬಾಲದ ಪಕ್ಕದಲ್ಲಿದೆ. ನಡುವಿನ "ದಿಬ್ಬ" ಕೂಡ ಆ ಕಡೆಯೇ ಎದ್ದು ಕಾಣುವುದು. ಅದು ಖಾಲಿ ಜಾಗ ಅಲ್ಲ. ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುವ ದೂಳಿನ ಮೋಡ. ಮುಂದೆ ಇಂಥ ಮೋಡಗಳಿಂದಲೇ ಹೊಸ ನಕ್ಷತ್ರಗಳು ಹುಟ್ಟುತ್ತವೆ. ನಿಮ್ಮ ಅಜ್ಜಿ ಬರಿಗಣ್ಣಿನಲ್ಲಿ ಅಷ್ಟು ಸರಿಯಾಗಿ ನೋಡಿ ಹೆಸರಿಟ್ಟಿದ್ದಾರಲ್ಲ, ನನಗೆ ತುಂಬಾ ಸಂತೋಷವಾಯಿತು.

ಕುಯ್ಲಿನ ಕಾಲದಲ್ಲಿ ಆ ಭಾಗ ಆಗ್ನೇಯದಲ್ಲಿ ಕಾಣಬೇಕಾದರೆ ಅದು ಬೆಳಗಿನ ಜಾವವೇ. ಸಂಜೆ ಸಾಧ್ಯವೇ ಇಲ್ಲ. ಅಮ್ಮನನ್ನು ಒಮ್ಮೆ ಕೇಳಿ ನೋಡಿ.

ಕಣದಮನೆ
ಮೇಷ್ಟ್ರೇ, ಅಮ್ಮನನ್ನು ಕೇಳಿದೆ. ಅವರು ಒಂದೇ ಮಾತಿಗೆ ಹೇಳಿದರು. "ಶಿವರಾತ್ರಿ ಜಾಗರಣೆ ದಿನ ಅಲ್ವಾ, ಬೆಳಗಿನ ಜಾವ ನಿನ್ನನ್ನ ಎಬ್ಬಿಸಿ ತೋರಿಸ್ತಿದ್ರು." ನನಗೆ ಮೈ ಜುಮ್ಮೆಂದಿತು.

ವಿಜ್ಞಾನದ ಮೇಷ್ಟ್ರು
ನೋಡಿ, ಎಷ್ಟು ಸರಿಯಾಗಿ ಕೂಡುತ್ತದೆ! ಶಿವರಾತ್ರಿ ಮಾಘ ಬಹುಳ ಚತುರ್ದಶಿ, ಮರುದಿನ ಅಮಾವಾಸ್ಯೆ. ರಾತ್ರಿಯೆಲ್ಲ ಚಂದ್ರ ಇಲ್ಲ. ಬಂದರೂ ನಸುಕಿನಲ್ಲಿ ಒಂದು ತೆಳು ಗೆರೆ. ಫೆಬ್ರವರಿ ನಡುವಿಗೆ ಗೆಲಾಕ್ಸಿಯ ನಡುಭಾಗ ನಮ್ಮ ಕಡೆ ಹುಟ್ಟುವುದು ರಾತ್ರಿ ಸುಮಾರು 3 ಗಂಟೆಗೆ. ನಾಲ್ಕೂವರೆಯಿಂದ ಐದೂಕಾಲರ ತನಕ ಚೆನ್ನಾಗಿ ಕಾಣುತ್ತದೆ. ಆಮೇಲೆ ಬೆಳಕು ಹರಿಯುತ್ತದೆ. ಶಿವರಾತ್ರಿ ಮಾರ್ಚ್‌ಗೆ ಬಿದ್ದ ವರ್ಷ ಇನ್ನೂ ಎತ್ತರಕ್ಕೆ ಬಂದಿರುತ್ತದೆ.

ಇನ್ನೊಂದು ಹಬ್ಬವೂ ಇದೆ. ದೀಪಾವಳಿ ಕೂಡ ಅಮಾವಾಸ್ಯೆ. ಅಕ್ಟೋಬರ್ ಕೊನೆಯಲ್ಲಿ ಸಂಜೆ ಏಳೂವರೆಗೆ ಅದೇ ಭಾಗ ನೈಋತ್ಯದಲ್ಲಿ ಇಳಿಯುತ್ತಾ ಇರುತ್ತದೆ. ಅಲ್ಲಿಂದ ಪಟ್ಟೆ ಮೇಲಕ್ಕೆ ಬಂದು ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ನಡುವೆ ಹಾದುಹೋಗುತ್ತದೆ. ಮಳೆ ತೊಳೆದ ಆಕಾಶ ಬೇರೆ. ಪಟಾಕಿ ಹೊಗೆ ಏಳುವ ಮೊದಲೇ ನೋಡಿಕೊಳ್ಳಬೇಕು, ಅಷ್ಟೇ.

ಬಯಲುಸೀಮೆ ತೆಂಗು
ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಮಾತು. ಆ ನಡುಭಾಗ ನಡುರಾತ್ರಿಗೆ ಸರಿಯಾಗಿ ದಕ್ಷಿಣದಲ್ಲಿ ನಿಲ್ಲುವುದು ಜೂನ್ ಕೊನೆಯಲ್ಲಿ. ಆಗ ಮಲೆನಾಡಿನಲ್ಲಿ ಆಕಾಶ ಇದೆ ಅನ್ನೋದೇ ಮರೆತುಹೋಗಿರುತ್ತದೆ, ಅಂಥಾ ಮಳೆ. ಅರಸೀಕೆರೆ, ಕಡೂರು ಕಡೆ ಮಳೆ ಕಡಿಮೆ. ಜುಲೈನಲ್ಲೂ ಕೆಲವು ರಾತ್ರಿ ಗಾಳಿಗೆ ಮೋಡ ಸರಿದು ಹೋಗುತ್ತದೆ. ಹೋದ ವರ್ಷ ಹಾಗೆ ಸಿಕ್ಕ ಒಂದು ಗಂಟೆಯಲ್ಲಿ ನಾನು ಕಂಡಷ್ಟು ದಟ್ಟ ಆಕಾಶಗಂಗೆಯನ್ನು ಬೇರೆ ಯಾವತ್ತೂ ಕಂಡಿಲ್ಲ. ಮಲೆನಾಡಿನವರು ಮಳೆಗಾಲದಲ್ಲಿ ನಮ್ಮ ಕಡೆ ಬನ್ನಿ.

ಅದು ಎಷ್ಟು ಎತ್ತರಕ್ಕೆ ಬರುತ್ತದೆ ಗೊತ್ತಾ? ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶ. ಗೆಲಾಕ್ಸಿಯ ನಡು ಆಕಾಶದ ಸಮಭಾಜಕದಿಂದ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯಿಂದ, 29 ಡಿಗ್ರಿ ದಕ್ಷಿಣಕ್ಕಿದೆ. 90ರಲ್ಲಿ ಎರಡನ್ನೂ ಕಳೆದರೆ 48. ನೆತ್ತಿಗೂ ದಿಗಂತಕ್ಕೂ ನಡುಮಧ್ಯಕ್ಕಿಂತ ಸ್ವಲ್ಪ ಮೇಲೆ. ಲಂಡನ್ನಿನಲ್ಲಿ 10 ಡಿಗ್ರಿ ಕೂಡ ಏರುವುದಿಲ್ಲ. ಈ ವಿಷಯದಲ್ಲಿ ನಮ್ಮ ಊರುಗಳು ನಿಜಕ್ಕೂ ಪುಣ್ಯ ಮಾಡಿವೆ.

ಬೇಲೂರು ಹುಡುಗಿ
ನಾನು ಪಿಯುಸಿ. ಒಂದು ಸಂಶಯ ಕೇಳಬಹುದಾ? ನಾವು ಒಳಗೇ ಇದ್ದೇವೆ, ಹೊರಗೆ ಹೋಗಿ ಫೋಟೋ ತೆಗೆದವರು ಯಾರೂ ಇಲ್ಲ. ಹಾಗಿದ್ದರೆ ನಾವು ನಡುವಿನಲ್ಲಿಲ್ಲ, ಪಕ್ಕದಲ್ಲಿದ್ದೇವೆ ಅಂತ ಹೇಗೆ ಗೊತ್ತಾಯಿತು?

ವಿಜ್ಞಾನದ ಮೇಷ್ಟ್ರು
ತುಂಬಾ ಒಳ್ಳೆಯ ಪ್ರಶ್ನೆ ಮಗಳೇ. ದೊಡ್ಡ ದೊಡ್ಡವರೇ ಇದರಲ್ಲಿ ಎಡವಿದ್ದಾರೆ.

ವಿಲಿಯಂ ಹರ್ಷೆಲ್ ಅಂತ ಒಬ್ಬರು ಆಕಾಶದ ಒಂದೊಂದು ತುಂಡಿನಲ್ಲೂ ಎಷ್ಟು ನಕ್ಷತ್ರ ಅಂತ ಎಣಿಸಿ 1785ರಲ್ಲಿ ನಕ್ಷೆ ಮಾಡಿದರು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ನಡುವಿನಲ್ಲೇ ಇತ್ತು. ಎಣಿಕೆಯಲ್ಲಿ ತಪ್ಪಿರಲಿಲ್ಲ. ಆದರೂ ಯಾಕೆ ಹಾಗಾಯಿತು? ಬಾಬಾಬುಡನ್‌ಗಿರಿ ಕಡೆ ದಟ್ಟ ಮಂಜು ಇಳಿದ ದಿನ ರಸ್ತೆಯಲ್ಲಿ ನಿಂತು ನೋಡಿದ್ದೀಯಾ? ಯಾವ ಕಡೆ ತಿರುಗಿದರೂ ಹತ್ತಿಪ್ಪತ್ತು ಮಾರು ಕಾಣುತ್ತದೆ, ಆಮೇಲೆ ಬಿಳಿ. ಎಲ್ಲಿ ನಿಂತರೂ ನಾವೇ ನಡುವೆ ಇದ್ದ ಹಾಗೆ ಅನ್ನಿಸುತ್ತದೆ. ಹರ್ಷೆಲ್ ಅವರಿಗೂ ಹಾಗೇ ಆಯಿತು. ಗೆಲಾಕ್ಸಿಯ ದೂಳು ಮಂಜಿನ ಕೆಲಸ ಮಾಡಿತ್ತು. ಅದು ಅವರಿಗೆ ಗೊತ್ತಿರಲಿಲ್ಲ.

ಮಂಜಿನ ದಿನವೂ ತಲೆ ಎತ್ತಿದರೆ ಕೆಲವೊಮ್ಮೆ ಎತ್ತರದ ಗುಡ್ಡದ ತುದಿ ಮಂಜಿನ ಮೇಲೆ ಕಾಣುತ್ತದಲ್ಲ? ಹಾರ್ಲೋ ಶಾಪ್ಲಿ ಎನ್ನುವ ಖಗೋಳ ವಿಜ್ಞಾನಿ ಅದನ್ನೇ ಮಾಡಿದರು. ಲಕ್ಷಾಂತರ ನಕ್ಷತ್ರಗಳು ಉಂಡೆಯ ಹಾಗೆ ಗುಂಪುಗೂಡಿದ ಗೋಳಗುಚ್ಛಗಳು ಅಂತ ಇವೆ. ಅವು ತಟ್ಟೆಯ ಮೇಲೂ ಕೆಳಗೂ ಹರಡಿವೆ, ದೂಳಿನಿಂದ ಹೊರಗೆ. ಶಾಪ್ಲಿ ಅವುಗಳ ದೂರ ಅಳೆದರು. ಅವು ನಮ್ಮ ಸುತ್ತ ಸಮನಾಗಿ ಇರಲಿಲ್ಲ. ಧನು ರಾಶಿಯ ಕಡೆಯೇ ಗುಂಪಾಗಿದ್ದವು. ಹಾಗಾದರೆ ನಡು ಇರುವುದು ಅಲ್ಲಿ, ನಾವು ಪಕ್ಕದಲ್ಲಿ. ಇದು 1918ರ ಮಾತು. ಅವರು ಹಾಕಿದ ದೂರ ಇವತ್ತಿನ ಲೆಕ್ಕಕ್ಕಿಂತ ಜಾಸ್ತಿಯೇ ಆಗಿತ್ತು, ಆದರೆ ದಿಕ್ಕು ಸರಿ. ಭೂಮಿ ನಡುವಿನಲ್ಲಿಲ್ಲ ಅಂತ ಕೊಪರ್ನಿಕಸ್ ಹೇಳಿದ ಹಾಗೆ, ಸೂರ್ಯನೂ ನಡುವಿನಲ್ಲಿಲ್ಲ ಅಂತ ಗೊತ್ತಾಗಿ ಇನ್ನೂ ನೂರು ಚಿಲ್ಲರೆ ವರ್ಷ ಆಗಿದೆ ಅಷ್ಟೇ.

ಆ ನಡುವಿನಲ್ಲಿ ಸೂರ್ಯನ 40 ಲಕ್ಷ ಪಟ್ಟು ತೂಕದ ಕಪ್ಪುಕುಳಿ ಇದೆ. ಅದರ ಸುತ್ತ ಓಡುವ ನಕ್ಷತ್ರಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜೆಲ್ ಅವರಿಗೆ 2020ರಲ್ಲಿ ನೊಬೆಲ್ ಬಂತು. 2022ರ ಮೇ ತಿಂಗಳಲ್ಲಿ ಅದರ ಚಿತ್ರವೂ ಹೊರಬಂತು. ಕಣ್ಣಿಗೆ ಕಾಣುವ ಬೆಳಕು ದಾಟಲಾರದ ಆ ದೂಳನ್ನು ಅವಕೆಂಪು ಬೆಳಕು ಮತ್ತು ರೇಡಿಯೋ ಅಲೆಗಳು ದಾಟಿ ಬರುತ್ತವೆ. ಅದಕ್ಕೇ ಇದೆಲ್ಲ ಸಾಧ್ಯವಾಯಿತು.

ಸಾಲಗಾಮೆ ರಸ್ತೆ (ಹಾಸನ)
ರೇಡಿಯೋ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ರಸ್ತೆಯಲ್ಲಿ. ಚಿಕ್ಕಂದಿನಿಂದ ಆ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡುತ್ತಾ ಬೆಳೆದವಳು ನಾನು. ಅವು ಮಾತಾಡುವುದು ಉಪಗ್ರಹಗಳ ಜೊತೆ. ಆದರೆ ಗೆಲಾಕ್ಸಿಯ ಸದ್ದನ್ನು ಮೊದಲು ಕೇಳಿಸಿಕೊಂಡದ್ದೂ ಒಂದು ಆಂಟೆನಾವೇ. ಅಮೆರಿಕದಲ್ಲಿ ಕಾರ್ಲ್ ಯಾನ್‌ಸ್ಕಿ ಎನ್ನುವ ಎಂಜಿನಿಯರ್ 1930ರ ದಶಕದ ಶುರುವಿನಲ್ಲಿ ರೇಡಿಯೋ ಫೋನಿಗೆ ಅಡ್ಡ ಬರುವ ಗೊರಗೊರ ಎಲ್ಲಿಂದ ಬರುತ್ತಿದೆ ಅಂತ ಹುಡುಕುತ್ತಿದ್ದರು. ಒಂದು ಸದ್ದು ದಿನಾ 4 ನಿಮಿಷ ಬೇಗ ಬರುತ್ತಿತ್ತು. ನಕ್ಷತ್ರಗಳು ಹುಟ್ಟುವುದೂ ದಿನಕ್ಕೆ 4 ನಿಮಿಷ ಬೇಗ ಅಲ್ವಾ? ಹಾಗಾಗಿ ಅದು ಭೂಮಿಯದ್ದಲ್ಲ, ಸೂರ್ಯನದ್ದೂ ಅಲ್ಲ ಅಂತ ಗೊತ್ತಾಯಿತು. ಬರುತ್ತಿದ್ದದ್ದು ಧನು ರಾಶಿಯ ಕಡೆಯಿಂದ.

ಪಂಚಾಂಗ ಓದುಗ (ಶೃಂಗೇರಿ)
ಚೇಳಿನ ಬಾಲದ ತುದಿಯೇ ಮೂಲಾ ನಕ್ಷತ್ರ. ಗೆಲಾಕ್ಸಿಯ ನಡು ಅದರ ಪಕ್ಕದಲ್ಲೇ. "ಮೂಲ" ಅಂತ ಹೆಸರಿಟ್ಟವರಿಗೆ ಗೊತ್ತಿತ್ತು ಅಂತ ಕೆಲವರು ಹೇಳುತ್ತಾರೆ. ಮೇಷ್ಟ್ರು ಏನು ಹೇಳುತ್ತೀರಿ?

ವಿಜ್ಞಾನದ ಮೇಷ್ಟ್ರು
ಹೆಸರು ಹೊಂದಿಕೆಯಾಗಿರುವುದು ಚೆನ್ನಾಗಿದೆ, ನನಗೂ ಇಷ್ಟ. ಆದರೆ ಗೊತ್ತಿತ್ತು ಅನ್ನುವುದಕ್ಕೆ ಆಧಾರ ಇಲ್ಲ ಸ್ವಾಮಿ. ಬರಿಗಣ್ಣಿಗೆ ಅದು ನಡು ಅಂತ ತಿಳಿಯುವ ದಾರಿಯೇ ಇಲ್ಲ, ದೂಳು ಮುಚ್ಚಿದೆ. ನಮ್ಮ ಹಿರಿಯರು ಚಂದ್ರನ ದಾರಿಯನ್ನು 27 ನಕ್ಷತ್ರಗಳಾಗಿ ಗುರುತು ಹಾಕಿಟ್ಟರಲ್ಲ, ಆ ಕೆಲಸವೇ ದೊಡ್ಡದು. ಇವತ್ತಿಗೂ ಆಕಾಶದಲ್ಲಿ ದಾರಿ ಹುಡುಕಲು ನನಗೆ ಜ್ಯೇಷ್ಠಾ, ಮೂಲಾ, ಶ್ರವಣವೇ ಕೈಮರ.

ಕ್ಯಾಮೆರಾ ಕಣ್ಣು (ಚಿಕ್ಕಮಗಳೂರು)
ಫೋಟೋ ನೋಡಿ ಹೋಗುವವರಿಗೆ ಒಂದು ಮಾತು. ಫೋಟೋದಲ್ಲಿ ಕಾಣುವ ನೇರಳೆ, ಕೆಂಪು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಜೀವಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾ 15, 20 ಸೆಕೆಂಡ್ ಬೆಳಕು ಕೂಡಿಹಾಕುತ್ತದೆ. ನಾನು 3200 ಐಎಸ್‌ಒ, 2.8 ಅಪರ್ಚರ್ ಇಡುತ್ತೇನೆ. ಫೋನಾದರೂ ಸರಿ, ಅಲುಗಾಡದ ಹಾಗೆ ಸ್ಟ್ಯಾಂಡ್ ಮೇಲಿಟ್ಟರೆ ನೈಟ್ ಮೋಡ್‌ನಲ್ಲಿ ಬರುತ್ತದೆ.

ಕಣ್ಣಿಗೆ ಅದು ಬೂದಿ ಬಿಳುಪು, ಅಷ್ಟೇ. ಆದರೂ ಮೊದಲ ಸಲ ನೋಡಿದಾಗ ನನಗೆ ಮಾತು ಹೊರಡಲಿಲ್ಲ. ಫೋಟೋಗಿಂತ ದೊಡ್ಡದು ಅದು. ಅರ್ಧ ಆಕಾಶ!

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಫೋನ್ ನೋಡಿದರೆ ಮತ್ತೆ ಮೊದಲಿನಿಂದ ಶುರು. ಟಾರ್ಚ್ ಬೇಕಾದರೆ ಕೆಂಪು ಬಟ್ಟೆ ಕಟ್ಟಿ. ಮಬ್ಬಾದ ಜಾಗವನ್ನು ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಆಗ ಚೆನ್ನಾಗಿ ಕಾಣುತ್ತದೆ.

ಬಾಳೆಹೊನ್ನೂರು ಅಕ್ಕ
ಅದು ಮೋಡ ಅಂದುಕೊಂಡು ಎಷ್ಟು ವರ್ಷ ಸುಮ್ನೆ ಬಿಟ್ಟಿದ್ದೆನೋ! ಮೋಡ ಆದರೆ ನಕ್ಷತ್ರ ಮುಚ್ಚಿ ಮುಂದೆ ಹೋಗುತ್ತದೆ, ಇದು ನಕ್ಷತ್ರಗಳ ಜೊತೆಗೇ ತಿರುಗುತ್ತದೆ. ಅಷ್ಟು ಗಮನಿಸಿದರೆ ಸಾಕು.

ಕಣದಮನೆ
ಒಂದು ತೊಂದರೆ ಇದೆ. ನಮ್ಮ ಕೊಟ್ಟಿಗೆಯ ಆಚೆ ಗುಡ್ಡದ ಮೇಲೆ ಈಗ ಒಂದು ಹೋಂಸ್ಟೇ ಆಗಿದೆ. ಅವರ ಫ್ಲಡ್‌ಲೈಟ್ ರಾತ್ರಿಯಿಡೀ ನೇರ ನಮ್ಮ ಕಣಕ್ಕೇ ಹೊಡೆಯುತ್ತದೆ. ಸರಿಯಾಗಿ ಆಗ್ನೇಯ ದಿಕ್ಕಿನಲ್ಲಿ!

ಕಾಡಂಚಿನ ಮನೆ (ಸಕಲೇಶಪುರ)
ಲೈಟ್ ಬೇಡ ಅನ್ನುವುದು ಸುಲಭ. ನಮಗೆ ಆನೆ ಕಾಟ. ರಾತ್ರಿ ಅಂಗಳದಲ್ಲಿ ಏನು ನಿಂತಿದೆ ಅಂತ ಕಾಣದೆ ಬಾಗಿಲು ತೆಗೆಯುವ ಹಾಗಿಲ್ಲ. ನಕ್ಷತ್ರ ನೋಡಲು ಹೋಗುವವರೂ ಅಷ್ಟೇ, ದಯವಿಟ್ಟು ನಮ್ಮ ಕಡೆ ತೋಟದೊಳಗೆ, ಕಾಡಿನ ರಸ್ತೆಯಲ್ಲಿ ಹೋಗಿ ನಿಲ್ಲಬೇಡಿ. ನಿಮ್ಮ ಮನೆ ತಾರಸಿ ಮೇಲೋ ಕಣದಲ್ಲೋ ನೋಡಿ.

ಕ್ಯಾಮೆರಾ ಕಣ್ಣು
ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ ಅಣ್ಣ. ಲೈಟ್ ಆರಿಸಿ ಅಂತ ಯಾರೂ ಕೇಳುತ್ತಿಲ್ಲ. ಅದರ ಮುಖ ನೆಲಕ್ಕೆ ತಿರುಗಲಿ, ಮೇಲೊಂದು ತಗಡಿನ ಮುಚ್ಚಳ ಇರಲಿ. ಆಗ ಅಂಗಳ ಇನ್ನೂ ಚೆನ್ನಾಗಿ ಕಾಣುತ್ತದೆ. ಕಣ್ಣಿಗೆ ಹೊಡೆಯುವ ಲೈಟ್‌ನ ಹಿಂದೆ ಆನೆ ನಿಂತಿದ್ದರೂ ಕಾಣುವುದಿಲ್ಲ, ಅಲ್ವಾ? ಬಿಳಿ ನೀಲಿ ಬಲ್ಬಿನ ಬದಲು ಹಳದಿ ಬಲ್ಬ್ ಹಾಕಿದರೆ ಆಕಾಶಕ್ಕೆ ಚದುರುವ ಬೆಳಕು ಕಡಿಮೆ.

ಲೋಕದ ಜನರಲ್ಲಿ ಮೂರರಲ್ಲಿ ಒಂದು ಪಾಲಿನವರಿಗೆ ತಮ್ಮ ಊರಿನಿಂದ ಆಕಾಶಗಂಗೆ ಕಾಣುವುದಿಲ್ಲ ಅಂತ 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ನಮಗೆ ಇನ್ನೂ ಕಾಣುತ್ತಿದೆ. ಇದನ್ನು ಕಳೆದುಕೊಳ್ಳಬಾರದು.

ಕಾಡಂಚಿನ ಮನೆ (ಸಕಲೇಶಪುರ)
ನೆಲಕ್ಕೆ ತಿರುಗಿಸುವುದಾದರೆ ನನ್ನದೇನೂ ತಕರಾರಿಲ್ಲ. ನಾಳೆ ನಮ್ಮದನ್ನೂ ತಿರುಗಿಸಿ ನೋಡುತ್ತೇನೆ.

ಕಣದಮನೆ
ಹೋಂಸ್ಟೇಯವರ ಹತ್ತಿರ ಹೋಗಿದ್ದೆ. ಜಗಳಕ್ಕೆ ಬಂದೆ ಅಂದುಕೊಂಡರು ಮೊದಲು. ಅಜ್ಜಿಯ ಕಥೆ ಹೇಳಿದೆ. ಶಿವರಾತ್ರಿ ರಾತ್ರಿ 3ರ ಮೇಲೆ ಆರಿಸುತ್ತೇವೆ, ಮುಚ್ಚಳದ ವಿಷಯ ಆಮೇಲೆ ನೋಡೋಣ ಅಂದರು.

ಕಣದಮನೆ (ಶಿವರಾತ್ರಿ ಮರುದಿನ)
ಕಂಡಿತು!

ಗುಡಿಯಲ್ಲಿ ಭಜನೆ ಮುಗಿಸಿ ಅಮ್ಮನೂ ನಾನೂ 4 ಗಂಟೆಗೆ ಕಣಕ್ಕೆ ಬಂದೆವು. ಟಾರ್ಚಿಗೆ ಅಮ್ಮ ತಮ್ಮ ಕೆಂಪು ರವಿಕೆ ಬಟ್ಟೆ ಕಟ್ಟಿದ್ದರು. ಕಾಫಿ ರಾಶಿಗೆ ಹೊದಿಸಿದ ಟಾರ್ಪಾಲಿನ ಮೇಲೆ ಇಬ್ಬನಿ ಕೂತು ಕೈ ಇಟ್ಟರೆ ತಣ್ಣಗೆ ಒದ್ದೆ. ಹೋಂಸ್ಟೇ ಲೈಟ್ ಆರಿತ್ತು. ಮೊದಲು ಏನೂ ಕಾಣಲಿಲ್ಲ. ಕಂಬಳಿ ಹೊದ್ದು ಸುಮ್ಮನೆ ಕೂತೆವು.

ನಾಲ್ಕೂವರೆ ದಾಟಿತ್ತು. ಮೊದಲು ಚೇಳು ಸಿಕ್ಕಿತು, ಕೆಂಪಗೆ ಜ್ಯೇಷ್ಠಾ, ಕೆಳಗೆ ಕೊಂಡಿಯ ಹಾಗೆ ಬಾಲ. ಬಾಲದ ಎಡಕ್ಕೆ ಕೊಟ್ಟಿಗೆಯ ಹೆಂಚಿನ ಮೇಲೆ ಹೊಗೆ ಎದ್ದ ಹಾಗೆ ಇತ್ತು. ಒಲೆ ಹೊಗೆ ಅಂದುಕೊಂಡೆ. ಆದರೆ ಅದು ಅಲುಗಲಿಲ್ಲ. ಆಮೇಲೆ ನೋಡಿದರೆ ಅದು ದಕ್ಷಿಣದ ಕಡೆಯಿಂದ ಬಂದು ಕೊಟ್ಟಿಗೆ ದಾಟಿ ಪೂರ್ವದ ಸಿಲ್ವರ್ ಮರಗಳ ತನಕ ಬಿಲ್ಲಿನ ಹಾಗೆ ಬಾಗಿದೆ. ಕೊಟ್ಟಿಗೆಯ ಮೇಲೆ ಮಾತ್ರ ದಟ್ಟ. ಅಮ್ಮ ನನಗಿಂತ ಮೊದಲೇ ಬೆರಳು ತೋರಿಸಿದರು. "ಅಗೋ ದಿಬ್ಬ."

ನಡುವೆ ಕಪ್ಪಗೆ, ಉದ್ದಕ್ಕೆ. ಎರಡೂ ಕಡೆ ಬಿಳಿ.

ವಿಜ್ಞಾನದ ಮೇಷ್ಟ್ರು
ಓದಿ ಕಣ್ಣು ತುಂಬಿ ಬಂತು. ಬಾಲದ ತುದಿಯ ಹತ್ತಿರ ಹತ್ತಿ ಉಂಡೆಯ ಹಾಗೆ ಒಂದು ಸಣ್ಣ ಮಬ್ಬು ಚುಕ್ಕೆ ಇದೆ, ಗಮನಿಸಿದಿರಾ? ಅದೊಂದು ನಕ್ಷತ್ರಗುಚ್ಛ, ಸುಮಾರು 980 ಜ್ಯೋತಿರ್ವರ್ಷ ದೂರ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ನೀವು ಆ ಚುಕ್ಕೆಯಲ್ಲಿ ನೋಡುವ ಬೆಳಕು ಹೊರಟದ್ದು ಅದಕ್ಕೂ ಮೊದಲು. ಹಿಂದಿನ ದಟ್ಟ ಹಾಲು ಇನ್ನೂ ಎಷ್ಟೋ ಪಟ್ಟು ಹಳೆಯದು.

ಬೇಲೂರು ಹುಡುಗಿ
ಮೇಷ್ಟ್ರೇ, ನಾನೂ ಎದ್ದಿದ್ದೆ! ಊರೊಳಗೆ ಬೀದಿ ದೀಪ, ಪಟ್ಟೆ ಕಾಣಲಿಲ್ಲ. ಆದರೆ ಅಪ್ಪನ ಬೈನಾಕ್ಯುಲರ್‌ನಲ್ಲಿ ಆ ಚುಕ್ಕೆ ಸಿಕ್ಕಿತು. ಒಂದು ಹಿಡಿ ನಕ್ಷತ್ರ. ಮುಂದಿನ ಅಮಾವಾಸ್ಯೆಗೆ ಮಾವನ ಊರಿಗೆ ಹೋಗುತ್ತೇನೆ, ಅಲ್ಲಿ ಕತ್ತಲೆ.

ವಿಜ್ಞಾನದ ಮೇಷ್ಟ್ರು
ಹೋಗು ಮಗಳೇ. ಮುಂದಿನ ಅಮಾವಾಸ್ಯೆ ಹೊತ್ತಿಗೆ ಅದು ಎರಡು ಗಂಟೆ ಬೇಗ ಹುಟ್ಟುತ್ತದೆ. 3 ಗಂಟೆಗೆ ಎದ್ದರೆ ಸಾಕು.

ಕಣದಮನೆ
ಇವತ್ತು ಬೆಳಿಗ್ಗೆ ಹೋಂಸ್ಟೇಯವರು ಫೋನ್ ಮಾಡಿದ್ದರು. ಲೈಟ್ ಆರಿಸಿದ ಮೇಲೆ ಅವರ ಅತಿಥಿಗಳೂ ಅಂಗಳಕ್ಕೆ ಬಂದು ನೋಡಿದರಂತೆ. ತಗಡಿನ ಮುಚ್ಚಳ ಎಷ್ಟು ಅಗಲ ಬೇಕು ಅಂತ ಕೇಳುತ್ತಿದ್ದಾರೆ. ಕ್ಯಾಮೆರಾ ಕಣ್ಣು ಅವರೇ, ನೀವೇ ಒಂದು ಅಳತೆ ಹೇಳಿ. ನಾಳೆ ಮೂಡಿಗೆರೆಗೆ ಹೋಗುತ್ತಿದ್ದೇನೆ, ತಗಡು ನಾನೇ ಕುಯ್ಯಿಸಿಕೊಂಡು ಬರುತ್ತೇನೆ.